ಪ್ರಶಾಂತ ಕಣಿವೆಯಲ್ಲಿ ಪಾರ್ಕಿಂಗ್ ಇಲ್ಲ

ಅಮೆರಿಕದ ಆಗ್ನೇಯ ಭಾಗದಲ್ಲಿ ನೆಲೆಸಿರುವ ಕನ್ನಡಿಗರಿಗೆ ವರ್ಷಕ್ಕೊಂದು ಸಲ ಶಾಂತಿ ಬೇಕು ಅನ್ನಿಸುತ್ತದೆ. ಅದೂ ಅಕ್ಟೋಬರಿನ ಮೂರನೇ ವಾರಾಂತ್ಯಕ್ಕೇ ಅನ್ನಿಸಬೇಕು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಅಲ್ಲ, ಎಲ್ಲರಿಗೂ ಒಟ್ಟಿಗೆ. ಷಾರ್ಲಟ್, ಅಟ್ಲಾಂಟಾ, ರಾಲಿ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನವರಾತ್ರಿ ಗೊಂಬೆಗಳ ಫೋಟೊ ಹಾವಳಿ ಇಳಿಯುತ್ತಿದ್ದಂತೆ ‘ಫಾಲ್ ಕಲರ್ಸ್ ಪೀಕ್ ಯಾವಾಗ?’ ಎಂಬ ಪ್ರಶ್ನೆ ತಲೆ ಎತ್ತುತ್ತದೆ. ಯಾರೋ ಎಲೆ ಕೆಂಪಾಗುವ ನಕ್ಷೆ ಹಾಕುತ್ತಾರೆ. ಇನ್ಯಾರೋ ಹತ್ತು ಜನ ಮಲಗುವ ಮರದ ಕ್ಯಾಬಿನ್ನನ್ನು ಹದಿನಾರು ಜನಕ್ಕೆ ಬುಕ್ ಮಾಡುತ್ತಾರೆ. ಶನಿವಾರ ಬೆಳಗಿನ ಜಾವ ಮಿನಿವ್ಯಾನಿನ ಬೆನ್ನಿಗೆ ಪುಳಿಯೋಗರೆ ಡಬ್ಬ, ಇನ್‌ಸ್ಟಂಟ್ ಪಾಟ್, ಬ್ಲೂಟೂತ್ ಸ್ಪೀಕರ್ ಏರುತ್ತವೆ. ಮೌನ ಹುಡುಕಿಕೊಂಡು ಹೊರಟವರ ಗಂಟಿನಲ್ಲಿ ಸ್ಪೀಕರ್ ಯಾಕೆ ಎಂದು ಕೇಳಬಾರದು. ಅಷ್ಟೊಂದು ಮೌನವಿದ್ದರೆ ಹೊತ್ತು ಹೋಗಬೇಕಲ್ಲ.

ಹೊರಟಿದ್ದು ಆ್ಯಶ್‌ವಿಲ್‌ಗೆ. ನಾರ್ತ್ ಕ್ಯಾರೊಲೈನಾದ ಪಶ್ಚಿಮದಲ್ಲಿ, ಬ್ಲೂ ರಿಜ್ ಬೆಟ್ಟಗಳ ನಡುವೆ, ಫ್ರೆಂಚ್ ಬ್ರಾಡ್ ಮತ್ತು ಸ್ವಾನನೋವ ನದಿಗಳು ಕೂಡುವಲ್ಲಿ ಇರುವ ಊರು. 2020ರ ಜನಗಣತಿಯಲ್ಲಿ ಸುಮಾರು 94,000 ಜನ. ‘ಪ್ರಶಾಂತ ಕಣಿವೆ, ಕುಶಲಕಲೆಯ ತವರು, ಬಿಯರಿನ ರಾಜಧಾನಿ’ ಎಂದು ಪ್ರವಾಸಿ ಪುಸ್ತಿಕೆಗಳು ಒಂದೇ ಉಸಿರಿನಲ್ಲಿ ಹೇಳುತ್ತವೆ. ಬಿಯರಿನ ರಾಜಧಾನಿಯಲ್ಲಿ ಪ್ರಶಾಂತತೆ ಹೇಗೆ ಉಳಿಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಊರಿನ ಎತ್ತರ ಸಮುದ್ರಮಟ್ಟದಿಂದ 2,100 ಅಡಿ ಚಿಲ್ಲರೆ. ಬೆಂಗಳೂರಿನದು 3,000 ಅಡಿ. ಅಂದರೆ ಜಯನಗರದಲ್ಲಿ ಹುಟ್ಟಿ ಬೆಳೆದವನು ‘ಹಿಲ್ ಸ್ಟೇಷನ್’ ಎಂದು ಜಾಕೆಟ್ ಏರಿಸಿಕೊಂಡು ಬಂದು, ತನ್ನ ನಾಲ್ಕನೇ ಬ್ಲಾಕಿಗಿಂತ ಎಂಟುನೂರು ಅಡಿ ಕೆಳಗೆ ನಿಂತು, ‘ಆಹಾ, ಎಂಥ ಎತ್ತರ’ ಎನ್ನುತ್ತಾನೆ. ನನ್ನ ಷಾರ್ಲಟ್ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಪಾರ್ಕಿಂಗ್ ಹುಡುಕುವ ಗಡಿಬಿಡಿಯಲ್ಲಿದ್ದ. ಮೂರು ಬಹುಮಹಡಿ ಪಾರ್ಕಿಂಗ್ ಕಟ್ಟಡಗಳ ಬಾಗಿಲಲ್ಲೂ ‘ಭರ್ತಿ’ ಎಂದು ಕೆಂಪು ದೀಪ ಉರಿಯುತ್ತಿತ್ತು. ನಾವು ಆ ಶನಿವಾರ ಕಂಡ ಮೊದಲ ಫಾಲ್ ಕಲರ್ ಅದೇ.

ಜನರ ಹಿಂಡನ್ನು ಸಾಕಿ ಕಳಿಸುವುದು ಈ ಊರಿಗೆ ಹೊಸ ಕಸುಬೇನಲ್ಲ. ಮೊದಲು ಹಂದಿಗಳಿಂದ ಶುರುವಾಯಿತು. 1820ರ ದಶಕದ ಕೊನೆಗೆ ಬಂಕಮ್ ಟರ್ನ್‌ಪೈಕ್ ಎಂಬ ರಸ್ತೆ ಆಯಿತು. ಟೆನೆಸೀ ಕಡೆಯ ರೈತರು ಸಾವಿರಗಟ್ಟಲೆ ಹಂದಿ, ಟರ್ಕಿ ಕೋಳಿಗಳನ್ನು ಈ ದಾರಿಯಲ್ಲಿ ಅಟ್ಟಿಕೊಂಡು ಸೌತ್ ಕ್ಯಾರೊಲೈನಾದ ಮಾರುಕಟ್ಟೆಗೆ ಹೋಗುತ್ತಿದ್ದರು. ಕೆಲವು ಮೈಲಿಗೊಂದು ಛತ್ರ. ಅಟ್ಟುವವನಿಗೆ ಹಾಸಿಗೆ, ಹಂದಿಗೆ ದೊಡ್ಡಿ ಮತ್ತು ಜೋಳ. ಊರ ನಡುವಿನ ಪ್ಯಾಕ್ ಸ್ಕ್ವೇರಿನಲ್ಲಿ ಈಗಲೂ ಕಂಚಿನ ಹಂದಿ, ಟರ್ಕಿಗಳ ವಿಗ್ರಹಗಳಿವೆ. ಪ್ರವಾಸಿಗರು ಅವುಗಳ ಬೆನ್ನು ಸವರಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ದಾರಿ ತೋರಿಸಿಕೊಟ್ಟ ಹಿರಿಯರಿಗೆ ಸಲ್ಲಬೇಕಾದ ಗೌರವವೇ. ಆಗ ಕಾಳು ಅವುಗಳಿಗೆ ಸಿಗುತ್ತಿತ್ತು. ಈಗ ಕಾಳನ್ನು ಮೊಳಕೆ ಬರಿಸಿ, ಹುರಿದು, ಬೇಯಿಸಿ, ರಸವನ್ನು ನಮಗೆ ಕೊಡುತ್ತಾರೆ. ಉಳಿದ ಹಿಪ್ಪೆ ದನ, ಹಂದಿ ಸಾಕುವ ರೈತರಿಗೆ ಹೋಗುತ್ತದೆ. ಪೌಷ್ಟಿಕಾಂಶದ ಲೆಕ್ಕದಲ್ಲಿ ಇವತ್ತಿಗೂ ಹಂದಿಯೇ ಮುಂದಿದೆ.

ಹಂದಿಗಳ ನಂತರ ಬಂದವರು ಕ್ಷಯರೋಗಿಗಳು. ಬೆಟ್ಟದ ಗಾಳಿಗೆ ಶ್ವಾಸಕೋಶ ನೆಟ್ಟಗಾಗುತ್ತದೆಂಬ ನಂಬಿಕೆಯಿಂದ ಹತ್ತೊಂಬತ್ತನೇ ಶತಮಾನದ ಕೊನೆಗೆ ಊರು ತುಂಬ ಸ್ಯಾನಟೋರಿಯಮ್‌ಗಳು ಎದ್ದವು. ಗಾಳಿಯನ್ನು ಮಾರಬಹುದು ಎಂದು ಆ್ಯಶ್‌ವಿಲ್‌ಗೆ ತಿಳಿದದ್ದೇ ಆಗ. ಆಮೇಲೆ ಬಂದ ಎಡ್ವಿನ್ ವೈಲಿ ಗ್ರೋವ್ ಆ ವಿದ್ಯೆಯನ್ನು ಇನ್ನೊಂದು ಮೆಟ್ಟಿಲು ಏರಿಸಿದ. ಗ್ರೋವ್ ಶ್ರೀಮಂತನಾದದ್ದು ‘ಟೇಸ್ಟ್‌ಲೆಸ್ ಚಿಲ್ ಟಾನಿಕ್’ ಎಂಬ ಮಲೇರಿಯಾ ಔಷಧದಿಂದ: ಕ್ವಿನೈನಿನ ಕಹಿ ನಾಲಿಗೆಗೆ ತಿಳಿಯದ ಹಾಗೆ ಸಿಹಿ ಪಾಕದಲ್ಲಿ ಅಡಗಿಸಿ ಮಾರುತ್ತಿದ್ದ. ಇಡೀ ಊರಿನ ಮುಂದಿನ ಇತಿಹಾಸವನ್ನು ಬರೆಯಲು ಇದೊಂದು ಫಾರ್ಮುಲಾ ಸಾಕು. ಇಲ್ಲಿ ಮಾರುವ ಪ್ರತಿಯೊಂದು ಸಿಹಿಯನ್ನೂ ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡರೆ ತಳದಲ್ಲಿ ಕ್ವಿನೈನ್ ಸಿಗುತ್ತದೆ.

ಗ್ರೋವ್ 1913ರಲ್ಲಿ ಬೆಟ್ಟದ ಬಂಡೆಗಳನ್ನೇ ತಂದು ಗ್ರೋವ್ ಪಾರ್ಕ್ ಇನ್ ಎಂಬ ಭಾರೀ ಹೋಟೆಲ್ ಕಟ್ಟಿಸಿದ. ಅದನ್ನು ನಡೆಸಿದ ಅಳಿಯ ಫ್ರೆಡ್ ಸೀಲಿಗೆ ಮೌನದ ಹುಚ್ಚು. ರಾತ್ರಿ ಗಟ್ಟಿಯಾಗಿ ಮಾತಾಡಕೂಡದು, ಬಾಗಿಲು ಬಡಿಯಕೂಡದು, ಮಕ್ಕಳನ್ನು ಕರೆತರದಿದ್ದರೆ ಇನ್ನೂ ಒಳ್ಳೆಯದು. ಕೆಮ್ಮುವ ರೋಗಿಗಳಿಗಂತೂ ಪ್ರವೇಶವೇ ಇಲ್ಲ. ರೋಗಿಗಳು ಬಂದು ಹೆಸರು ಮಾಡಿಕೊಟ್ಟ ಊರಿನಲ್ಲಿ ರೋಗಿಗಳಿಗೆ ಜಾಗವಿಲ್ಲದಂತಾಯಿತು. ಇದನ್ನೇ ಅಭಿವೃದ್ಧಿ ಎನ್ನುತ್ತಾರೆ. ಉದ್ಘಾಟನೆಗೆ ಭಾಷಣ ಮಾಡಿದವರು ಆಗಿನ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಹನಿ ಮದ್ಯ ಮುಟ್ಟದ ಮನುಷ್ಯ, ವಿದೇಶಿ ರಾಯಭಾರಿಗಳ ಔತಣದಲ್ಲೂ ವೈನ್ ಬದಲು ದ್ರಾಕ್ಷಿ ರಸ ಕುಡಿಸಿ ಹೆಸರಾದವರು. ಅದೇ ಹೋಟೆಲಿನಲ್ಲಿ 1935 ಮತ್ತು 1936ರ ಬೇಸಿಗೆ ಕಳೆದ ಕಾದಂಬರಿಕಾರ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಜಿನ್ ಬಿಡುವ ಸಲುವಾಗಿ ಬಿಯರ್ ಹಿಡಿದಿದ್ದ. ದಿನಕ್ಕೆಷ್ಟು ಬಾಟಲಿ ಎಂಬ ಲೆಕ್ಕ ಹೇಳುವವರ ಬಾಯಲ್ಲಿ ಏರುತ್ತಾ ಹೋಗುತ್ತದೆ. ಬಿಯರನ್ನು ಔಷಧವಾಗಿ ಸೇವಿಸುವ ಈ ಊರಿನ ಪರಂಪರೆಗೆ ಮೂಲಪುರುಷ ಆತನೇ ಇರಬೇಕು.

ಮದ್ಯದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. 1908ರಲ್ಲಿ ನಾರ್ತ್ ಕ್ಯಾರೊಲೈನಾ ಜನಮತ ಹಾಕಿ, ಇಡೀ ದೇಶಕ್ಕಿಂತ ಹನ್ನೊಂದು ವರ್ಷ ಮೊದಲೇ, ಪಾನನಿಷೇಧ ತಂದುಕೊಂಡಿತು. ಆಗ ಬೆಟ್ಟದ ಬಡವರು ಕಾಡಿನ ತೊರೆ ಪಕ್ಕ, ಹೊಗೆ ಕಾಣದ ಹಾಗೆ, ತಾಮ್ರದ ಹಂಡೆಯಲ್ಲಿ ಜೋಳದ ಕಳ್ಳಬಟ್ಟಿ ಇಳಿಸಿದರು. ಪೊಲೀಸರು ಹಂಡೆ ಒಡೆದರು, ಜೈಲಿಗೆ ಹಾಕಿದರು. ಈಗ ಅದೇ ಸರಕು ಗಾಜಿನ ಭರಣಿಯಲ್ಲಿ, ರಟ್ಟಿನ ಲೇಬಲ್ ಕಟ್ಟಿಕೊಂಡು, ‘ಪೂರ್ವಜರ ಪಾಕ’ ಎಂಬ ಬಿರುದಿನೊಂದಿಗೆ ಕಪಾಟಿನಲ್ಲಿ ಕೂತಿದೆ. ನಗಬೇಕೆನ್ನಿಸಿದರೆ ಸ್ವಲ್ಪ ತಡೆಯಿರಿ: ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ಕೂಲಿಯವನ ಪ್ಯಾಕೆಟ್ ಸಮಾಜಕ್ಕೆ ಕೇಡು ಎಂದಾಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಹೊಳೆಯುವ ತಾಮ್ರ, ಉಕ್ಕಿನ ಹಂಡೆಗಳನ್ನು ಗಾಜಿನ ಹಿಂದೆ ನಿಲ್ಲಿಸಿ ಮೈಕ್ರೊಬ್ರೂವರಿಗಳು ತೆರೆದವು. ಹಂಡೆ ಗಿಡದ ಮರೆಯಲ್ಲಿದ್ದರೆ ಅಬಕಾರಿ ಕೇಸು, ಗಾಜಿನ ಮರೆಯಲ್ಲಿದ್ದರೆ ವೀಕೆಂಡ್ ಬ್ರಂಚ್.

ಆ್ಯಶ್‌ವಿಲ್‌ನ ಬಿಯರ್ ಯುಗ ಶುರುವಾದದ್ದು 1994ರಲ್ಲಿ, ಆಸ್ಕರ್ ವಾಂಗ್ ಎಂಬ ನಿವೃತ್ತ ಎಂಜಿನಿಯರ್ ಪೇಟೆಯ ಒಂದು ಬಾರಿನ ನೆಲಮಾಳಿಗೆಯಲ್ಲಿ ಹೈಲ್ಯಾಂಡ್ ಬ್ರೂಯಿಂಗ್ ಕಂಪನಿ ತೆರೆದಾಗ. ವಾಂಗ್ ಚೀನೀ ಮೂಲದವರು, ಹುಟ್ಟಿದ್ದು ಜಮೈಕಾದಲ್ಲಿ; ಮಾಡಿದ ಬಿಯರಿನ ಹೆಸರು ಗೇಲಿಕ್ ಏಲ್, ಗುರುತು ಸ್ಕಾಟ್ಲೆಂಡಿನದು. ಅಪ್ಪಟ ಸ್ಥಳೀಯ ಎಂದರೆ ಹೀಗಿರಬೇಕು. 2005ರಲ್ಲಿ ರಾಜ್ಯ ಸರ್ಕಾರ ಬಿಯರಿನ ಆಲ್ಕೋಹಾಲ್ ಮಿತಿಯನ್ನು ಶೇ 6ರಿಂದ ಶೇ 15ಕ್ಕೆ ಏರಿಸಿತು. ಆಮೇಲೆ ಹಿಂದಿರುಗಿ ನೋಡಿದ್ದೇ ಇಲ್ಲ. ನೋಡಿದರೂ ನೆಟ್ಟಗೆ ಕಾಣುತ್ತಿರಲಿಲ್ಲ. 2009ರಿಂದ 2012ರವರೆಗೆ ಇಂಟರ್ನೆಟ್ ಮತದಾನದಲ್ಲಿ ‘ಬಿಯರ್ ಸಿಟಿ ಯುಎಸ್ಎ’ ಪಟ್ಟ, ಎರಡು ಸಲ ಬೇರೆ ಊರಿನೊಂದಿಗೆ ಹಂಚಿಕೊಂಡು. ಅಜ್ಜಂದಿರು ಪೆಟ್ಟಿಗೆಗೆ ಚೀಟಿ ಹಾಕಿ ಬೇಡವೆಂದದ್ದನ್ನು ಮೊಮ್ಮಕ್ಕಳು ಮೌಸ್ ಒತ್ತಿ ಬೇಕೆಂದರು.

ಗೆಳೆಯ ಕರೆದುಕೊಂಡು ಹೋದ ಬ್ರೂವರಿಯಲ್ಲಿ ಹಲಗೆಯೊಂದರ ಮೇಲೆ ಗುಳಿ ಕೊರೆದು ನಾಲ್ಕು ಪುಟ್ಟ ಲೋಟ ಇಟ್ಟುಕೊಟ್ಟರು. ಇದಕ್ಕೆ ‘ಫ್ಲೈಟ್’ ಎನ್ನುತ್ತಾರೆ. ಒಂದೊಂದು ಲೋಟವೂ ನಮ್ಮ ದರ್ಶಿನಿಯ ಬೈಟು ಕಾಫಿಯ ಅಳತೆಯದು. ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಪ್ರತಿಯೊಂದರ ಗುಣಗಾನ: ಮೊದಲನೆಯದರಲ್ಲಿ ಪೈನ್ ಮರದ ಅಂಟು, ಎರಡನೆಯದರಲ್ಲಿ ಚಕ್ಕೋತದ ಸಿಪ್ಪೆ, ಮೂರನೆಯದರಲ್ಲಿ ಕುದುರೆ ಲಾಯದ ಕಂಬಳಿ. ಮೂರನೆಯದು ಬೈಗುಳವಲ್ಲ, ಹೊಗಳಿಕೆ. ಒಂದು ಬಗೆಯ ಕಾಡು ಯೀಸ್ಟ್ ಆ ವಾಸನೆ ಕೊಡುತ್ತದೆ, ಅದಕ್ಕೇ ಬೆಲೆ ಜಾಸ್ತಿ. ಪಕ್ಕದ ಮೇಜಿನ ಗಡ್ಡದ ಯುವಕ ಲೋಟದಲ್ಲಿ ಮೂಗು ಅದ್ದಿ, ಕಣ್ಣು ಮುಚ್ಚಿ, ಲಾಯದೊಳಗೆ ಹೋಗಿ ಬಂದ. ನನ್ನ ಗೆಳೆಯ ನಾಲ್ಕನ್ನೂ ಮುಗಿಸಿ, ಮೊಬೈಲಿನ ಆ್ಯಪಿನಲ್ಲಿ ನಾಲ್ಕಕ್ಕೂ ಅಂಕ ಕೊಟ್ಟು, ಆಮೇಲೆ ಕೇಳಿದ: ‘ಇದರಲ್ಲಿ ಯಾವುದು ಯಾವುದು?’

ಇಲ್ಲಿ ‘ಲೋಕಲ್’ ಎಂಬುದು ಮಂತ್ರ. ಲೋಕಲ್ ಕುಡಿ, ಲೋಕಲ್ ಕೊಳ್ಳು, ಕಂಪನಿಗಳಿಗೆ ಧಿಕ್ಕಾರ. 2012ರಲ್ಲಿ ಹುಟ್ಟಿದ ವಿಕೆಡ್ ವೀಡ್ ಎಂಬ ಬ್ರೂವರಿ ಆ ಮಂತ್ರದ ಪರಮ ಪಠಣಕಾರ. 2017ರಲ್ಲಿ ಅದನ್ನು ಬಡ್‌ವೈಸರ್ ಮಾಡುವ ಆ್ಯನ್‌ಹೈಸರ್-ಬುಶ್ ಇನ್‌ಬೆವ್ ಕೊಂಡಿತು. ಊರಿಗೆ ಸೂತಕ. ಅವರ ಬಿಯರ್ ಉತ್ಸವಕ್ಕೆ ಒಪ್ಪಿದ್ದ ಬೇರೆ ಬ್ರೂವರಿಗಳು ಒಂದೊಂದಾಗಿ ಹಿಂದೆ ಸರಿದವು. ಇನ್ನೊಂದು ಕಡೆ, ಕೊಲರಾಡೊದಿಂದ ಬಂದು 2016ರಲ್ಲಿ ನದಿ ದಂಡೆಯಲ್ಲಿ ನೆಲೆಯಾದ ನ್ಯೂ ಬೆಲ್ಜಿಯಂ ಬ್ರೂವರಿ 2019ರಲ್ಲಿ ಜಪಾನಿನ ಕಿರಿನ್ ಗುಂಪಿನ ಪಾಲಾಯಿತು. ಲೆಕ್ಕ ಸರಿಮಾಡಿಕೊಳ್ಳಿ: ಬೆಲ್ಜಿಯಂ ಹೆಸರಿನ ಬಿಯರ್ ಜಪಾನಿನದು, ಊರ ಹುಡುಗರ ಬಿಯರಿನ ಒಡೆಯರ ಮುಖ್ಯ ಕಚೇರಿ ಬೆಲ್ಜಿಯಂನಲ್ಲಿ. ನಾವು ಎರಡನ್ನೂ ಲೋಕಲ್ ಎಂದೇ ಕುಡಿದೆವು. ಕುಡಿದ ಜಾಗ ಲೋಕಲ್ ಇತ್ತಲ್ಲ.

ಕುಶಲಕಲೆಯ ವಿಷಯಕ್ಕೆ ಬಂದರೆ ಮಾತು ಇನ್ನೂ ಸೂಕ್ಷ್ಮ. 1890ರ ದಶಕದಲ್ಲಿ ಫ್ರಾನ್ಸಿಸ್ ಗುಡ್‌ರಿಚ್ ಎಂಬ ಕ್ರೈಸ್ತ ಸೇವಾಕರ್ತೆ ಈ ಬೆಟ್ಟಗಳಿಗೆ ಬಂದಾಗ ಯಾರೋ ಹಳೆಯ ಕೈಮಗ್ಗದ ಹೊದಿಕೆಯೊಂದನ್ನು ಕಾಣಿಕೆ ಕೊಟ್ಟರು. ಗಿರಣಿ ಬಟ್ಟೆ ಅಗ್ಗಕ್ಕೆ ಸಿಕ್ಕಿತೆಂದು ಹೆಂಗಸರು ನಿಟ್ಟುಸಿರು ಬಿಟ್ಟು ಮಗ್ಗಗಳನ್ನು ಅಟ್ಟಕ್ಕೆ ಏರಿಸಿ ಬಹಳ ಕಾಲವಾಗಿತ್ತು. ಗುಡ್‌ರಿಚ್ ಅವನ್ನು ಇಳಿಸಿದರು. ಹೊದಿಕೆ ನೇಯಿಸಿ ಉತ್ತರದ ಪಟ್ಟಣಿಗರಿಗೆ ಮಾರಿ, ಹೆಂಗಸರ ಕೈಗೆ ಮೊದಲ ಸಲ ಕಾಸು ಬರುವಂತೆ ಮಾಡಿದರು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಅವರ ಅಲನ್‌ಸ್ಟ್ಯಾಂಡ್ ಅಂಗಡಿ ಮುಂದೆ 1930ರಲ್ಲಿ ಹುಟ್ಟಿದ ಕುಶಲಕರ್ಮಿಗಳ ಗಿಲ್ಡ್‌ಗೆ ಸೇರಿತು. ಈಗ ಬ್ಲೂ ರಿಜ್ ಪಾರ್ಕ್‌ವೇ ಬದಿಯ ಫೋಕ್ ಆರ್ಟ್ ಸೆಂಟರಿನಲ್ಲಿ ಗಾಜು, ಬೆತ್ತ, ಕಮ್ಮಾರಿಕೆ, ಕಸೂತಿ ಎಲ್ಲ ನೋಡಸಿಗುತ್ತದೆ. ಕೆಲಸದ ಗುಣಮಟ್ಟದ ಬಗ್ಗೆ ಕೊಂಕು ನುಡಿಯಲು ನನಗಂತೂ ಬಾಯಿ ಬರಲಿಲ್ಲ. ಆದರೆ ಬಡತನವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಇದ್ದವರಿಗೆ ಹೊದಿಸುವ ವಿದ್ಯೆ ಇಲ್ಲಿ ಶುರುವಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಅದಕ್ಕೂ ಮುಂಚೆ ಈ ನದಿಗಳ ಬೆತ್ತದಲ್ಲಿ ಎರಡು ಪದರದ ಬುಟ್ಟಿ ಹೆಣೆಯುತ್ತಿದ್ದವರು ಚೆರೊಕೀ ಜನ. 1838ರಲ್ಲಿ ಸೈನ್ಯ ಬಿಟ್ಟು ಅವರಲ್ಲಿ ಬಹುಪಾಲು ಜನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಕಣಿವೆ ಪ್ರಶಾಂತವಾದದ್ದರಲ್ಲಿ ಆ ಕಾರ್ಯಾಚರಣೆಯ ಪಾಲೂ ಉಂಟು. ಹೇಗೋ ಉಳಿದುಕೊಂಡವರ ಮೊಮ್ಮಕ್ಕಳು 1946ರಲ್ಲಿ ಕಟ್ಟಿದ ಸಹಕಾರ ಸಂಘದ ಅಂಗಡಿಯಲ್ಲಿ ಆ ಬುಟ್ಟಿಗಳು ಇನ್ನೂ ಸಿಗುತ್ತವೆ. ಬೆಲೆ ಕೇಳಿ ನಮ್ಮವರು ಪ್ಲಾಸ್ಟಿಕ್ಕಿನ ಗುಣಗಳನ್ನು ಚರ್ಚಿಸತೊಡಗಿದರು.

ಈ ಸೀಮೆಯ ಕುಂಬಾರರ ವಿಶೇಷ ಮುಖದ ಹೂಜಿ. ಉಬ್ಬಿದ ಕಣ್ಣು, ಪಿಂಗಾಣಿ ಚೂರಿನ ಹಲ್ಲು, ಕಿಸಿದ ಬಾಯಿ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆ ಮುಂದೆ ನೇತುಹಾಕುವ ದೃಷ್ಟಿಬೊಂಬೆಯ ಅಮೆರಿಕನ್ ದಾಯಾದಿ. ಒಳಗೆ ಕಳ್ಳಬಟ್ಟಿ ತುಂಬಿಡುತ್ತಿದ್ದರು, ಮಕ್ಕಳು ಹೆದರಿ ಮುಟ್ಟದಿರಲಿ ಎಂದು ಈ ಮುಖ ಎಂಬುದು ಅಂಗಡಿಯವರು ಹೇಳುವ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಸೌತ್ ಕ್ಯಾರೊಲೈನಾದ ಎಡ್ಜ್‌ಫೀಲ್ಡಿನಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಕುಂಬಾರರು ಇಂಥ ಮುಖಗಳನ್ನು ಮಾಡುತ್ತಿದ್ದರು ಎಂಬ ಕಥೆಯನ್ನು ಅಷ್ಟು ಬೇಗ ಹೇಳುವುದಿಲ್ಲ. ಮೊದಲನೆಯದು ನಗಿಸುತ್ತದೆ, ವ್ಯಾಪಾರಕ್ಕೆ ಅನುಕೂಲ.

ಊರಿನ ಹಳೆಯ ಕಟ್ಟಡಗಳನ್ನು ನೋಡಿ ಎಲ್ಲರೂ ಮರುಳಾಗುತ್ತಾರೆ. 1920ರ ದಶಕದ ಆರ್ಟ್ ಡೆಕೊ ಗೋಪುರಗಳು, ಬಣ್ಣದ ಹೆಂಚು, ಕೆತ್ತನೆ. ‘ನೋಡಿ, ಇವರಿಗೆ ಪರಂಪರೆ ಅಂದರೆ ಎಷ್ಟು ಗೌರವ’ ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಬೆಂಗಳೂರನ್ನು ಬೈಯತೊಡಗಿದರು. ಅಸಲಿ ಸಂಗತಿ ಏನೆಂದರೆ, 1930ರ ನವೆಂಬರಿನಲ್ಲಿ ಊರಿನ ದೊಡ್ಡ ಬ್ಯಾಂಕು ಮುಳುಗಿತು, ನಗರಸಭೆಯ ದುಡ್ಡೂ ಅದರೊಂದಿಗೆ ಮುಳುಗಿತು. ಭೂಮಿ ಸಟ್ಟಾದಲ್ಲಿ ಮಾಡಿಕೊಂಡ ಸಾಲವನ್ನು ಊರು 1976ರವರೆಗೆ ತೀರಿಸುತ್ತಾ ಕೂತಿತು. ಬೇರೆ ಊರುಗಳು ಹಳೆಯದನ್ನು ಕೆಡವಿ ಗಾಜಿನ ಡಬ್ಬಗಳನ್ನು ನಿಲ್ಲಿಸಿದಾಗ ಆ್ಯಶ್‌ವಿಲ್ ಬಳಿ ಸುತ್ತಿಗೆ ಕೊಳ್ಳಲೂ ಕಾಸಿರಲಿಲ್ಲ. ಆದರೂ ಕಪ್ಪು ಜನರ ಬಡಾವಣೆಗಳ ವಿಷಯ ಬಂದಾಗ ಸುತ್ತಿಗೆ ಸಿಕ್ಕಿತು, ಕೇಂದ್ರದ ‘ನಗರ ನವೀಕರಣ’ದ ಅನುದಾನದಲ್ಲಿ. ಈಸ್ಟ್ ಎಂಡ್, ಸೌತ್‌ಸೈಡ್ ಕೇರಿಗಳ ಮನೆ, ಅಂಗಡಿ, ಚರ್ಚುಗಳು ನೆಲಸಮವಾದವು. ಅದಕ್ಕೆ ನಗರಸಭೆ 2020ರಲ್ಲಿ ಕ್ಷಮೆ ಕೇಳಿತು. ಆ ಜಾಗಗಳು ಸೆಲ್ಫಿಗೆ ಒಗ್ಗುವುದಿಲ್ಲ. ಏನೂ ಇಲ್ಲದ್ದರ ಫೋಟೊ ಹೇಗೆ ತೆಗೆಯುವುದು?

ಕಾದಂಬರಿಕಾರ ಥಾಮಸ್ ವುಲ್ಫ್ ಕಥೆಯೂ ಇದೇ ಜಾಡಿನದು. 1929ರಲ್ಲಿ ಊರ ಜನರನ್ನೇ ತೆಳು ಮುಸುಕಿನಲ್ಲಿ ಪಾತ್ರ ಮಾಡಿ ಕಾದಂಬರಿ ಬರೆದ. ಊರು ಕೆಂಡವಾಯಿತು, ಆತ ಏಳೆಂಟು ವರ್ಷ ಇತ್ತ ತಲೆ ಹಾಕಲಿಲ್ಲ. ಈಗ ಅವನ ತಾಯಿ ನಡೆಸುತ್ತಿದ್ದ ವಸತಿಗೃಹ ಸರ್ಕಾರಿ ಸ್ಮಾರಕ. ಬರೆದದ್ದನ್ನು ಓದಿದ ಕಾಲದಲ್ಲಿ ಬೈದರು, ಓದುವುದು ನಿಂತ ಮೇಲೆ ಗೌರವ ಬಂತು.

ಹೋಟೆಲ್ ಬಿಲ್ಲಿನಲ್ಲಿ ಶೇ 6ರ ವಸತಿ ತೆರಿಗೆ ಇರುತ್ತದೆ. ರಸ್ತೆಗೋ ಬಸ್ಸಿಗೋ ಹೋಗುತ್ತದೆ ಎಂದುಕೊಂಡಿದ್ದರೆ ಸುಧಾರಿಸಿಕೊಳ್ಳಿ. 2022ರ ತಿದ್ದುಪಡಿಯ ನಂತರವೂ ಕಾನೂನಿನ ಪ್ರಕಾರ ಅದರ ಮೂರನೇ ಎರಡು ಭಾಗ ಊರಿನ ಜಾಹೀರಾತಿಗೆ. ಅದಕ್ಕೆ ಮುಂಚೆ ನಾಲ್ಕನೇ ಮೂರು ಭಾಗ ಹೋಗುತ್ತಿತ್ತು. ಅಂದರೆ ‘ಅಬ್ಬಾ, ಎಷ್ಟು ಜನಜಂಗುಳಿ’ ಎಂದು ಗೊಣಗುವ ಪ್ರವಾಸಿ ಪ್ರತಿ ರಾತ್ರಿಯೂ ಇನ್ನಷ್ಟು ಜನರನ್ನು ಕರೆಯಲು ವಂತಿಗೆ ಕೊಡುತ್ತಿರುತ್ತಾನೆ. ಬಿಯರ್ ಸುರಿಯುವ ಹುಡುಗಿ, ಹಾಸಿಗೆ ಮಡಚುವ ಹೆಂಗಸು ಮನೆ ಬಾಡಿಗೆ ಕಟ್ಟಲಾಗದೆ ಗುಡ್ಡದಾಚೆಯಿಂದ ಕಾರೋಡಿಸಿಕೊಂಡು ಬರುತ್ತಾರೆ. ಅವರಿಗೂ ಪಾರ್ಕಿಂಗ್ ಸಿಗುವುದಿಲ್ಲ.

ನಮ್ಮವರ ಯಾತ್ರೆಯ ಗರ್ಭಗುಡಿ ಮಾತ್ರ ಇದಾವುದೂ ಅಲ್ಲ. 2009ರಲ್ಲಿ ಮೆಹರ್ವಾನ್ ಇರಾನಿ ತೆರೆದ ‘ಚಾಯ್ ಪಾನಿ’ ಎಂಬ ಚಾಟ್ ಹೋಟೆಲು. 2022ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಇದನ್ನೇ ದೇಶದ ಅತ್ಯುತ್ತಮ ರೆಸ್ಟೊರೆಂಟ್ ಎಂದು ಆರಿಸಿತು. ಭಾರತ ಬಿಟ್ಟು, ಷಾರ್ಲಟ್ ಬಿಟ್ಟು, ಬೆಟ್ಟ ಹತ್ತಿ ಬಂದು, ಸರದಿಯಲ್ಲಿ ನಿಂತು, ಭೇಲ್‌ಪುರಿ ತಿಂದು, ‘ಪರವಾಗಿಲ್ಲ, ಆದರೆ ಗಾಂಧಿ ಬಜಾರಿನದರ ಮುಂದೆ...’ ಎಂದು ಬಾಯಿ ಒರೆಸಿಕೊಳ್ಳುವುದರಲ್ಲಿ ಇರುವ ತೃಪ್ತಿ ಎಲೆ ನೋಡುವುದರಲ್ಲಿ ಇಲ್ಲ.

ಹವಾಮಾನ ಬದಲಾದರೂ ಸುರಕ್ಷಿತವಾಗಿರುವ ಊರುಗಳ ಪಟ್ಟಿಯಲ್ಲಿ ಆ್ಯಶ್‌ವಿಲ್ ಹೆಸರು ಇರುತ್ತಿತ್ತು. ಸಮುದ್ರ ದೂರ, ಬಿಸಿಲು ಕಡಿಮೆ. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಶೇಷ ಆ ಬೆಟ್ಟಗಳ ಮೇಲೆ ಸುರಿಯಿತು. ಫ್ರೆಂಚ್ ಬ್ರಾಡ್ ನದಿ 24 ಅಡಿ ದಾಟಿ 1916ರ ಮಹಾಪೂರದ ದಾಖಲೆ ಮುರಿಯಿತು. ಊರಿರುವ ಬಂಕಮ್ ಕೌಂಟಿ ಒಂದರಲ್ಲೇ 40ಕ್ಕೂ ಹೆಚ್ಚು ಜನ ಸತ್ತರು. ಪ್ರವಾಹಬಯಲಿನ ಹಳೆಯ ಗೋದಾಮುಗಳೆಂದು ಬಾಡಿಗೆ ಅಗ್ಗವಾಗಿದ್ದ ಕಾರಣಕ್ಕೇ ಕಲಾವಿದರು ಸೇರಿಕೊಂಡಿದ್ದ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್ ಬಹುಪಾಲು ಹಾಳಾಯಿತು. ಕುಂಬಾರಿಕೆ ಗೂಡು, ಮಗ್ಗ, ಕ್ಯಾನ್ವಾಸು ಎಲ್ಲ ಕೆಸರು. ಜಲಾಶಯದ ಕೊಳವೆಗಳು ಕೊಚ್ಚಿಹೋಗಿ ನಲ್ಲಿಯಲ್ಲಿ ಕುಡಿಯುವ ನೀರು ಬರಲು 53 ದಿನ ಬೇಕಾಯಿತು. ತಿಳಿನೀರಿನ ಹೆಸರು ಹೇಳಿ ಬಿಯರ್ ಮಾರುತ್ತಿದ್ದ ಊರಿನಲ್ಲಿ ಬ್ರೂವರಿಗಳು ನೀರು ಹಂಚಿದವು. ಷಾರ್ಲಟ್‌ನಿಂದ ಟ್ರಕ್ಕಿನಲ್ಲಿ ನೀರು, ಡಯಾಪರ್, ಜನರೇಟರ್ ತುಂಬಿಕೊಂಡು ಹೋದವರ ಬಗ್ಗೆ ನನಗೆ ಯಾವ ವ್ಯಂಗ್ಯವೂ ಹೊಳೆಯುತ್ತಿಲ್ಲ. ಆ ವಾರ ಗೆಳೆಯನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಮೂರು ದಿನ ಒಂದೇ ಚರ್ಚೆ: ಕ್ಯಾಬಿನ್‌ಗೆ ಕಟ್ಟಿದ ಅಡ್ವಾನ್ಸ್ ವಾಪಸ್ ಬರುತ್ತದಾ?

ಈಗ ಊರು ಮತ್ತೆ ಕರೆಯುತ್ತಿದೆ: ಬನ್ನಿ, ಖರ್ಚು ಮಾಡಿ, ನೀವು ಬರುವುದೇ ನೆರವು. ಸುಳ್ಳೇನಲ್ಲ. ಹಾಗಾಗಿ ಈ ಹಂಗಾಮಿನಲ್ಲಿ ಕುಡಿಯುವುದೂ ಸಮಾಜಸೇವೆ. ನಮ್ಮ ಗುಂಪಿನಲ್ಲಿ ಕೆಲವರು ಆ ಸಂಜೆ ಬಹಳ ಸೇವೆ ಮಾಡಿದರು. ನದಿ ಕಡೆಗೆ ಇಳಿದರೆ ಗೋಡೆಗಳ ಮೇಲೆ ತಲೆಗಿಂತ ಎತ್ತರದಲ್ಲಿ ಕಂದು ಗೆರೆ ಇನ್ನೂ ಕಾಣುತ್ತದೆ. ಮತ್ತೆ ಬಾಗಿಲು ತೆರೆದಿದ್ದ ಒಂದು ಕುಂಬಾರಿಕೆ ಅಂಗಡಿಯಲ್ಲಿ ಪ್ರವಾಹ ಬಿಟ್ಟುಹೋದ ಕೆಸರನ್ನೇ ಸೋಸಿ, ಬಣ್ಣವಾಗಿ ಬಳಿದ ಮಗ್ಗುಗಳಿದ್ದವು. ಬೂದು ಮೈ, ಬಾಯಂಚಿನಿಂದ ಕೆಳಕ್ಕೆ ಜಾರಿದ ಕಂದು, ಹಿಡಿಯ ಮೇಲೆ ಹೆಬ್ಬೆರಳು ಕೂರಲು ಒಂದು ತಗ್ಗು. ಬೆಲೆ 46 ಡಾಲರ್. ಮಾಡಿದಾಕೆ ತನ್ನ ಗೂಡು ಹೇಗೆ ತೇಲಿಹೋಯಿತು, ಎಷ್ಟು ತಿಂಗಳು ಕೆಸರು ಬಳಿದರು ಎಂದು ನಿಧಾನವಾಗಿ ಹೇಳಿದಳು. ಗೆಳೆಯ ಎರಡೂ ಕೈಯಲ್ಲಿ ಮಗ್ಗು ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡ, ಕಣ್ಣು ನಿಜಕ್ಕೂ ತೇವವಾಗಿತ್ತು. ಆಮೇಲೆ ನನ್ನ ಕಡೆ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದ:

‘ನಾಲ್ಕು ತಗೊಂಡ್ರೆ ಎಷ್ಟಕ್ಕೆ ಕೊಡ್ತಾಳೆ ಅಂತ ನೀನೇ ಕೇಳೋ, ನಂಗೆ ಒಂಥರಾ ಆಗುತ್ತೆ.’